ಗಾಜಿನ ಹಿಂದಣ ಹಳ್ಳಿ

ಕ್ರೊಯೇಷಿಯಾದ ಹ್ಲೆಬಿನೆ ಗ್ರಾಮದ ರೈತ ಇವಾನ್ ಗೆನೆರಲಿಚ್ (1914–1992) ಗಾಜಿನ ಮೇಲೆ ಬರೆದ ನಿಸರ್ಗಚಿತ್ರಗಳಿಗೆ ವಿಮರ್ಶಕರು ‘ಮುಗ್ಧ ಕಲೆ’ ಎಂಬ ಹೆಸರಿಟ್ಟಿದ್ದಾರೆ. ಇಂಥ ಕೃತಿಗಳನ್ನು ಸಂಗ್ರಹಿಸುವ ಜಾಗ್ರೆಬ್ ನಗರದ ಸಂಸ್ಥೆಗೂ 1994ರಲ್ಲಿ ಇದೇ ಹೆಸರು ಬಂತು. ಈ ಹೆಸರು ಯುಕ್ತವೇ ಎಂಬುದನ್ನು ವಾಚಕರು ವಿಚಾರಿಸಿ ನೋಡಬೇಕು.

ಬಟ್ಟೆಯ ಮೇಲೆ ಬರೆಯುವವನು ಸಾಮಾನ್ಯವಾಗಿ ಮೊದಲು ಆಕಾಶವನ್ನು ಹಾಸಿ, ಅದರ ಮೇಲೆ ಬೆಟ್ಟವನ್ನು, ಮರವನ್ನು, ಕಡೆಗೆ ಎಲೆಯ ನರಗಳನ್ನು ತರುತ್ತಾನೆ. ಗಾಜಿನ ಬೆನ್ನಿನ ಮೇಲೆ ಬರೆಯುವವನಿಗೆ ಈ ಕ್ರಮವೆಲ್ಲ ತಿರುವುಮುರುವು. ರೇಖಾಚಿತ್ರವನ್ನು ಗಾಜಿನಡಿ ಇರಿಸಿಕೊಂಡು, ನೋಡುವವನಿಗೆ ಅತಿ ಸಮೀಪದ ರೆಂಬೆಯನ್ನೂ ಅದರ ಮೇಲಿನ ಬೆಳಕಿನ ಗೆರೆಯನ್ನೂ ಮೊದಲೇ ಬರೆಯಬೇಕು. ಆಕಾಶದ ಸರದಿ ಕಟ್ಟಕಡೆಗೆ. ಎಡವು ಬಲವಾಗುವುದರಿಂದ ಸಹಿಯನ್ನೂ ಕನ್ನಡಿಯ ಅಕ್ಷರದಲ್ಲಿಯೇ ಹಾಕಬೇಕು. ಮೊದಲ ಗೆರೆ ತಪ್ಪಿತೆಂದು ಕಡೆಯಲ್ಲಿ ಕಂಡರೆ, ಅದರ ಹಿಂದಿನ ಬಣ್ಣವನ್ನೆಲ್ಲ ಕೆರೆಯದೆ ಗತ್ಯಂತರವಿಲ್ಲ. ಇಷ್ಟೊಂದು ಪೂರ್ವಾಲೋಚನೆಯನ್ನು ಬೇಡುವ ಕಲೆಯಲ್ಲಿ ಮುಗ್ಧತೆಗೆ ಎಡೆಯೆಲ್ಲಿ?

ವಿದ್ಯೆಯಾದರೂ ತಾನಾಗಿ ಬಂದುದಲ್ಲ. 1930ರಲ್ಲಿ ಈ ಹುಡುಗನನ್ನು ಗುರುತಿಸಿದ ಕ್ರ್‌ಸ್ತೊ ಹೆಗೆದುಶಿಚ್ ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ. ಆ ಸೀಮೆಯ ಮನೆಗಳಲ್ಲಿ ತೂಗುತ್ತಿದ್ದ ಸಂತರ ಗಾಜಿನ ಪಟಗಳನ್ನು ಬಲ್ಲವನು. 1959ರ ‘ಜಿಂಕೆಗಳ ದಿಬ್ಬಣ’ದಲ್ಲಿ ಶಿಷ್ಯನ ಸಾಧನೆ ಸ್ಪಷ್ಟವಾಗಿದೆ: ಬೋಳು ಮರಗಳು ಹವಳದಂತೆ ಕವಲೊಡೆದಿವೆ, ಒಂದು ಕವಲಾದರೂ ಅಂದಾಜಿನದಲ್ಲ. (ಅಚ್ಚಾದ ಪುಟದಲ್ಲಿ ಗಾಜಿನ ಆಳ ಸಿಕ್ಕದು.) ತರುವಾಯದ ಅನುಕರಣಕಾರರಲ್ಲಿ ಹಿಮ, ಹುಂಜ, ಬೋಳು ಮರ ಎಲ್ಲವೂ ಇವೆ, ಹೊಳಪು ಇನ್ನೂ ಹೆಚ್ಚೇ ಇದೆ. ಉತ್ತು ಬಿತ್ತಿದವನ ಕಣ್ಣು ಮಾತ್ರ ಅಲ್ಲಿ ಕಾಣುವುದಿಲ್ಲ.