ಮೊದಲು ಸಾಯುವವರು ಯಾರು?

ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ಅದರ 150ನೇ ವರ್ಷದ ನೆನಪಿಗೆ 2013ರಲ್ಲಿ ಪೆನ್ಸಿಲ್ವೇನಿಯಾದ ಆ ಊರಿನ ಹೊರಗೆ ಕದನವನ್ನು ಮತ್ತೆ ಆಡಿ ತೋರಿಸಿದರು. ಒಮ್ಮೆಯಲ್ಲ, ಎರಡು ಸಲ. ಒಂದು ಬಣ ಜೂನ್ ಕೊನೆಯಲ್ಲಿ ಒಬ್ಬ ರೈತರ ಹೊಲದಲ್ಲಿ ಕಾದಾಡಿತು. ಇನ್ನೊಂದು ಬಣ ಜುಲೈ 4ರಿಂದ ಬೇರೆಯವರ ಹೊಲದಲ್ಲಿ. ಎರಡೂ ಕಡೆ ಸಾವಿರಾರು ಸಿಪಾಯಿಗಳು, ತೋಪು, ಕುದುರೆ, ಟಿಕೆಟ್ಟು. ಕದನದ ನಿಜವಾದ ಮೂರು ದಿನಗಳು ಮಾತ್ರ ಎರಡರ ಪಂಚಾಂಗದಲ್ಲೂ ಇರಲಿಲ್ಲ.

ಹೊಲವೇ ಯಾಕೆ, ಕದನ ನಡೆದ ನೆಲದಲ್ಲೇ ಯಾಕಲ್ಲ ಎಂದು ಕೇಳಬಹುದು. ಆ ನೆಲ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯದು. 1961ರಲ್ಲಿ ಮನಾಸಸ್‌ನಲ್ಲಿ, ಅಂತರ್ಯುದ್ಧದ ಮೊದಲ ದೊಡ್ಡ ಕದನದ ನೂರನೇ ವರ್ಷಕ್ಕೆ, ನಿಜವಾದ ರಣಭೂಮಿಯಲ್ಲೇ ಅಣಕು ಯುದ್ಧ ಮಾಡಿಸಿದ್ದರು. ಜನ ಸತ್ತ ಜಾಗದಲ್ಲಿ ಜಾತ್ರೆ ಮಾಡಿದರು ಎಂಬ ಟೀಕೆ ಬಂತು. ಆಮೇಲೆ ಇಲಾಖೆ ತನ್ನ ನೆಲದಲ್ಲಿ ಎದುರುಬದುರು ನಿಂತು ಗುಂಡು ಹಾರಿಸಿ ಬೀಳುವ ಆಟಕ್ಕೆ ಅನುಮತಿ ಕೊಡುವುದನ್ನು ನಿಲ್ಲಿಸಿತು. ಹೀಗಾಗಿ ಈ ಹವ್ಯಾಸದ ಮೊದಲ ಅಸಲಿತನ, ಅಂದರೆ ಜಾಗ, ಆಟ ಶುರುವಾಗುವ ಮೊದಲೇ ಕೈತಪ್ಪಿ ಹೋಗಿರುತ್ತದೆ.

ಉಳಿದದ್ದರಲ್ಲಿ ಪಟ್ಟು ಸಡಿಲಿಸದವರನ್ನು ಅಲ್ಲಿ 'ಹಾರ್ಡ್‌ಕೋರ್' ಎನ್ನುತ್ತಾರೆ. ಪತ್ರಕರ್ತ ಟೋನಿ ಹಾರ್ವಿಟ್ಜ್ 1998ರ 'ಕಾನ್ಫೆಡರೇಟ್ಸ್ ಇನ್ ದ ಅಟಿಕ್' ಪುಸ್ತಕದಲ್ಲಿ ಇವರ ಜೊತೆ ಓಡಾಡಿ ಬರೆದಿದ್ದಾರೆ. ಹಸಿದ ಸೈನಿಕನಂತೆ ಕಾಣಲು ಊಟ ಬಿಟ್ಟು ತೂಕ ಇಳಿಸುವವರು, ಚಳಿಯ ರಾತ್ರಿ ಒಬ್ಬರಿಗೊಬ್ಬರು ಅಂಟಿಕೊಂಡು ಬಯಲಲ್ಲಿ ಮಲಗುವವರು, ಹಿತ್ತಾಳೆ ಗುಂಡಿಗೆ ಹಳೆಯ ಕಳೆ ಬರಲೆಂದು ಮೂತ್ರದಲ್ಲಿ ನೆನೆಹಾಕುವವರು. ಕೋಟಿನ ಕಾಜಾ ಕೈಹೊಲಿಗೆಯೋ ಯಂತ್ರದ್ದೋ, ಅಂಗುಲಕ್ಕೆ ಎಷ್ಟು ಹೊಲಿಗೆ ಎಂದು ಎಣಿಸುವವರೂ ಇದ್ದಾರೆ. ವೇಷದಲ್ಲಿ ಅಸಡ್ಡೆ ತೋರುವವನಿಗೆ ಇವರು ಇಟ್ಟ ಬೈಗುಳ 'ಫಾರ್ಬ್'. ಕೈಗಡಿಯಾರ ಬಿಚ್ಚದವನು ಫಾರ್ಬ್, ಡೇರೆಯಲ್ಲಿ ಕಂಬಳಿ ಮುಚ್ಚಿ ಐಸ್ ಪೆಟ್ಟಿಗೆ ಇಟ್ಟುಕೊಂಡವನು ಫಾರ್ಬ್.

ಇವರನ್ನು ನೋಡಿ ನಗುವುದು ಸುಲಭ. ನಾನು ನಗುವುದಿಲ್ಲ. ದಂಡಯಾತ್ರೆಯಲ್ಲಿದ್ದ ಸಾಮಾನ್ಯ ಸಿಪಾಯಿಗೆ ದೊಡ್ಡ ಡೇರೆ ಇರಲಿಲ್ಲ, ಇಬ್ಬರು ತಮ್ಮ ತಮ್ಮ ಅರ್ಧ ಬಟ್ಟೆಯನ್ನು ಗುಂಡಿ ಹಾಕಿ ಕೂಡಿಸಿಕೊಂಡು ಅದರಡಿ ತೂರಿಕೊಳ್ಳುತ್ತಿದ್ದರು ಎಂಬುದನ್ನು ಓದುವುದು ಬೇರೆ, ಜುಲೈ ಮಳೆಯಲ್ಲಿ ಹಾಗೆ ಒಂದು ರಾತ್ರಿ ಕಳೆದವರ ಬಾಯಿಂದ ಕೇಳುವುದು ಬೇರೆ.

ಆದರೆ ಇಂಥವರು ಐವತ್ತು ಜನ ಸೇರಿದರೆ ಕಾಣಿಸುವುದು ಒಂದು ಕಾವಲು ತುಕಡಿ. ಕದನ ಕಾಣಿಸುವುದಿಲ್ಲ. ಗೆಟಿಸ್‌ಬರ್ಗ್‌ನ ಮೂರನೇ ದಿನ ದಕ್ಷಿಣ ರಾಜ್ಯಗಳ ಪಡೆಯ ಸುಮಾರು 12,500 ಜನ ಮುಕ್ಕಾಲು ಮೈಲಿ ಬಯಲನ್ನು ನಡೆದು ದಾಟಲು ಹೊರಟರು. ಪಿಕೆಟ್ ದಾಳಿ ಎಂದು ಹೆಸರಾದದ್ದು ಇದೇ. ಅದನ್ನು ಅರ್ಥಮಾಡಿಸುವುದು ಸಂಖ್ಯೆ. ಸಾಲಿನ ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣಬಾರದು. ಹೊಗೆ ಮುಸುಕಿ ಆಜ್ಞೆ ಕೇಳಿಸಬಾರದು. 1998ರಲ್ಲಿ, 135ನೇ ವರ್ಷದ ಆಟಕ್ಕೆ 15 ಸಾವಿರಕ್ಕೂ ಹೆಚ್ಚು ವೇಷಧಾರಿಗಳು ಬಂದರು. ಅಷ್ಟು ಜನರ ಕಾಜಾ ನೋಡುತ್ತ ಕೂತರೆ ಕದನ ಮುಂದಿನ ವರ್ಷ ಶುರುವಾಗಬೇಕು. ಕೋವಿ, ಉಣ್ಣೆ ಕೋಟು, ಬೂಟು, ತೋಟಾ ಚೀಲ ಎಲ್ಲ ಸೇರಿ ಖರ್ಚು ಎರಡು ಸಾವಿರ ಡಾಲರ್ ದಾಟುವುದು ಸಲೀಸು. ಕಟ್ಟುನಿಟ್ಟು ಒಂದು ಮೆಟ್ಟಿಲು ಏರಿದ ಹಾಗೆಲ್ಲ ಹೊಸ ಹುಡುಗರು ಹತ್ತಾರು ಮಂದಿ ಕಳಚಿಕೊಳ್ಳುತ್ತಾರೆ. ಉಳಿಯುವವರು ದುಡ್ಡು, ಬಿಡುವು ಎರಡೂ ಇರುವ ಐವತ್ತರ ಆಸುಪಾಸಿನವರು. ಅಂತರ್ಯುದ್ಧದ ಸೈನಿಕನ ಸರಾಸರಿ ವಯಸ್ಸು ಇಪ್ಪತ್ತಾರರ ಹತ್ತಿರ. ಹೊಲಿಗೆ ಸರಿಯಿದ್ದು ಮೊಣಕಾಲು ಹಿಡಿದುಕೊಂಡ ಪದಾತಿ ದಳಕ್ಕಿಂತ, ಹೊಲಿಗೆ ತಪ್ಪಿದ್ದು ಓಡಬಲ್ಲ ದಳವೇ ನನ್ನ ಲೆಕ್ಕದಲ್ಲಿ ಅಸಲಿಗೆ ಹತ್ತಿರ.

ಅಷ್ಟಕ್ಕೂ ಕೋವಿಯ ವಿಷಯದಲ್ಲಿ ಪಟ್ಟಿನ ಮಂದಿಯೂ ಸುಳ್ಳಾಡಲೇಬೇಕು. ನಿಜವಾದ ಸೈನಿಕ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಗುರಿಯಿಟ್ಟು ಹೊಡೆಯುತ್ತಿದ್ದ. ಇಲ್ಲಿ ಗುಂಡಿಲ್ಲ. ಬಹುತೇಕ ಕೂಟಗಳಲ್ಲಿ ಗಜವನ್ನು ಹೊರತೆಗೆಯುವಂತಿಲ್ಲ, ಗಡಿಬಿಡಿಯಲ್ಲಿ ಅದು ನಳಿಕೆಯಲ್ಲೇ ಉಳಿದರೆ ಬಾಣವಾಗಿ ಹಾರುತ್ತದೆ. ಎದುರಾಳಿ ಹತ್ತಿರ ಬಂದರೆ ಕೋವಿಯ ಮೂತಿ ಆಕಾಶಕ್ಕೆ. ಈ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಲೂಬಾರದು.

ಇನ್ನು ಸಾಯುವ ಪ್ರಶ್ನೆ. ಇದು ನನಗೆ ಎಲ್ಲಕ್ಕಿಂತ ರುಚಿಯಾದ ಭಾಗ. ನೂರಾರು ಮೈಲಿ ಗಾಡಿ ಓಡಿಸಿ, ಮದ್ದಿಗೆ ದುಡ್ಡು ಸುರಿದು, ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಬಂದವನಿಗೆ ಮೊದಲ ಸುತ್ತಿನಲ್ಲೇ ಬೀಳಲು ಮನಸ್ಸು ಬಾರದು. ಆದ್ದರಿಂದ ಈ ಕದನಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಎರಡು ಸಾಲುಗಳು ಐವತ್ತು ಗಜ ದೂರದಲ್ಲಿ ನಿಂತು ಸುತ್ತಿನ ಮೇಲೆ ಸುತ್ತು ಹಾರಿಸುತ್ತವೆ, ಒಬ್ಬನೂ ಉರುಳುವುದಿಲ್ಲ. ಮದ್ದು ಮುಗಿಯುತ್ತಿದ್ದಂತೆ ಸಾಲು ಸಾಲಾಗಿ ಸಾವು. ಅದರಲ್ಲೂ ಮರದ ನೆರಳಿನಲ್ಲಿ ಸತ್ತವರು ಜಾಸ್ತಿ, ಮುಳ್ಳುಪೊದೆಯ ಬಳಿ ಯಾರೂ ಸಾಯುವುದಿಲ್ಲ. ಯಕ್ಷಗಾನದಲ್ಲಿ ಕರ್ಣನ ವೇಷ ಹಾಕಿದವನಿಗೆ ತಾನು ಸಾಯಬೇಕೆಂದು ಚೌಕಿಯಲ್ಲಿ ಬಣ್ಣ ಹಚ್ಚುವಾಗಲೇ ಗೊತ್ತು, ಆ ಸಾವಿಗೆಂದೇ ಜನ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಇಲ್ಲಿ ಪ್ರಸಂಗವೂ ಇದೆ, ಸೋಲುವ ಪಕ್ಷವೂ ಗೊತ್ತಿದೆ, ಹೆಸರಿಲ್ಲದ ಸಾವನ್ನು ಹೊರುವವರು ಮಾತ್ರ ಸಿಗುವುದಿಲ್ಲ.

ಪಕ್ಷಕ್ಕೂ ಇದೇ ತಾಪತ್ರಯ. ಬಹಳ ಕಡೆ ದಕ್ಷಿಣದ ಬೂದು ಕೋಟಿಗೆ ನೂಕುನುಗ್ಗಲು, ಉತ್ತರದ ನೀಲಿಗೆ ಜನವಿಲ್ಲ. ಅದಕ್ಕೇ ಅನುಭವಿಗಳು ಎರಡೂ ಕೋಟು ಗಾಡಿಯಲ್ಲಿಟ್ಟುಕೊಂಡು ಬರುತ್ತಾರೆ, ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಇದನ್ನು ತಪ್ಪೆನ್ನುವವರು ಇತಿಹಾಸ ನೋಡಲಿ. ಸೆರೆಸಿಕ್ಕ ದಕ್ಷಿಣದ ಸಾವಿರಾರು ಸೈನಿಕರು ನೀಲಿ ಕೋಟು ತೊಟ್ಟು ಪಶ್ಚಿಮದ ಗಡಿ ಕಾಯಲು ಹೋದದ್ದುಂಟು. ಪಕ್ಷಕ್ಕೆ ಜನ ಹೊಂದಿಸುವ ಪಾಡೂ ಹಳೆಯದೇ. ಇನ್ನೂ ಹಿಂದೆ, 1790ರ ದಶಕದಲ್ಲಿ, ಲಂಡನ್ನಿನ ಆಸ್ಟ್ಲಿ ಕುದುರೆ ರಂಗಶಾಲೆಯಲ್ಲಿ ನಮ್ಮ ಬೆಂಗಳೂರಿನ ಮುತ್ತಿಗೆಯನ್ನೇ ಟಿಕೆಟ್ಟಿಟ್ಟು ಆಡಿದ್ದರು, ಟಿಪ್ಪು ಇನ್ನೂ ಬದುಕಿದ್ದಾಗಲೇ. ಮೈಸೂರಿನ ಸಿಪಾಯಿಯ ವೇಷ ತೊಟ್ಟು ಸೋಲಲು ಅಲ್ಲೂ ಯಾರನ್ನಾದರೂ ಒಪ್ಪಿಸಬೇಕಾಗಿತ್ತಲ್ಲ.

ಅಸಲಿತನದ ಹೆಸರಲ್ಲಿ ಬಾಗಿಲು ಹಾಕಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1989ರ ಆಗಸ್ಟ್‌ನಲ್ಲಿ ಆಂಟೀಟಮ್ ರಣಭೂಮಿಯ ಕಾರ್ಯಕ್ರಮಕ್ಕೆ ಲಾರೆನ್ ಕುಕ್ ಬರ್ಗೆಸ್ ಎಂಬ ಮಹಿಳೆ ಸೈನಿಕನ ಪೂರ್ತಿ ವೇಷದಲ್ಲಿ ಬಂದಿದ್ದರು. ಮಹಿಳೆಯರ ಶೌಚಾಲಯಕ್ಕೆ ಹೋದಾಗ ಗುಟ್ಟು ರಟ್ಟಾಯಿತು. ಗಂಡಸರ ಯುದ್ಧದಲ್ಲಿ ಹೆಂಗಸು ಸೈನಿಕನ ವೇಷ ಹಾಕುವುದು ಅಸಲಿ ಅಲ್ಲ ಎಂದು ಉದ್ಯಾನದವರು ಹೊರಗೆ ಹಾಕಿದರು. ಆಕೆ ಸರ್ಕಾರದ ಮೇಲೆ ಮೊಕದ್ದಮೆ ಹೂಡಿ 1993ರಲ್ಲಿ ಗೆದ್ದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸಾರಾ ರೊಸೆಟ್ಟಾ ವೇಕ್‌ಮನ್ ಎಂಬ ಹಳ್ಳಿ ಹುಡುಗಿ 1862ರಲ್ಲಿ ಲಯನ್ಸ್ ವೇಕ್‌ಮನ್ ಎಂಬ ಗಂಡು ಹೆಸರಿನಲ್ಲಿ ನ್ಯೂಯಾರ್ಕಿನ 153ನೇ ದಳ ಸೇರಿ ಮನೆಗೆ ಬರೆದ ಪತ್ರಗಳನ್ನು 1994ರಲ್ಲಿ ಸಂಪಾದಿಸಿ ಪ್ರಕಟಿಸಿದರು. ವೇಕ್‌ಮನ್ ಸತ್ತದ್ದು 1864ರಲ್ಲಿ, ಭೇದಿಯಿಂದ. ನ್ಯೂ ಆರ್ಲಿಯನ್ಸ್ ಹತ್ತಿರದ ಸಮಾಧಿಯ ಮೇಲೆ ಇರುವುದು ಆ ಗಂಡು ಹೆಸರೇ. 2002ರಲ್ಲಿ ಡಿಆ್ಯನ್ ಬ್ಲಾಂಟನ್ ಜೊತೆ ಸೇರಿ ಕುಕ್ ಬರೆದ ಇನ್ನೊಂದು ಪುಸ್ತಕದಲ್ಲಿ ಹೀಗೆ ವೇಷ ಮರೆಸಿ ಕಾದಿದ ಸುಮಾರು 250 ಹೆಂಗಸರ ದಾಖಲೆ ಇದೆ. ಗೆಟಿಸ್‌ಬರ್ಗ್‌ನಲ್ಲಿ ಹೆಣ ಹೂಳಿದವರ ವರದಿಯಲ್ಲೂ ದಕ್ಷಿಣದ ಸಮವಸ್ತ್ರ ತೊಟ್ಟ ಒಬ್ಬ ಹೆಂಗಸಿನ ಲೆಕ್ಕವಿದೆ. ಅಂದರೆ ಆ ಬಯಲಿನಲ್ಲಿ ಎದೆ ಕಟ್ಟಿಕೊಂಡು, ದನಿ ತಗ್ಗಿಸಿ, ಗುಟ್ಟು ಕಾಯ್ದುಕೊಂಡು ನಿಂತ ಹೆಂಗಸೇ ದಾಖಲೆಗೆ ಹತ್ತಿರ. ಹೊಟ್ಟೆ ಬಂದ ಐವತ್ತೈದರ ಸಿಪಾಯಿಗೆ ಅಂಥ ದಾಖಲೆ ಹುಡುಕುವುದು ಕಷ್ಟ, ಆದರೂ ಅವನನ್ನು ಯಾರೂ ಬಾಗಿಲಲ್ಲಿ ತಡೆದದ್ದಿಲ್ಲ. ಹೀಗಾಗಿ ಯಾರಾದರೂ ಅಸಲಿತನದ ಹೆಸರು ಹೇಳಿ ಒಬ್ಬರನ್ನು ಹೊರಗಿಟ್ಟರೆ ಅವರು ಎಷ್ಟು ಓದಿದ್ದಾರೆ ಎಂಬುದೇ ನನ್ನ ಮೊದಲ ಅನುಮಾನ.

ಇತಿಹಾಸವನ್ನು ಬೇಕೆಂದೇ ತಿರುಗಿಸಿದ್ದೂ ಉಂಟು. 1811ರಲ್ಲಿ ಲೂಯಿಸಿಯಾನಾದ ಗುಲಾಮರು ದಂಗೆಯೆದ್ದು ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟಿದ್ದರು. ದಂಗೆಯನ್ನು ಹತ್ತಿಕ್ಕಿ, ದಂಗೆಕೋರರನ್ನು ಕೊಂದು ತಲೆಗಳನ್ನು ಕಂಬಕ್ಕೆ ಸಿಕ್ಕಿಸಿದರು. ಕಲಾವಿದ ಡ್ರೆಡ್ ಸ್ಕಾಟ್ 2019ರ ನವೆಂಬರ್‌ನಲ್ಲಿ ನೂರಾರು ಜನರನ್ನು ಸೇರಿಸಿ ಎರಡು ದಿನ ಅದೇ ಸೀಮೆಯಲ್ಲಿ ನಡೆಸಿದರು. ಪೆಟ್ರೋರಾಸಾಯನಿಕ ಕಾರ್ಖಾನೆಗಳ ಪಕ್ಕದಲ್ಲೇ ಮಚ್ಚು, ಕೋವಿ ಹಿಡಿದ ಮೆರವಣಿಗೆ. ಆದರೆ ಕೊನೆಗೆ ಸೋಲನ್ನು ಆಡದೆ, ನಗರ ಹೊಕ್ಕು ಸಂಭ್ರಮಿಸಿದರು. ಇದು ಒಪ್ಪಿಗೆಯಾಗುತ್ತದೆ, ಏಕೆಂದರೆ ತಿರುಗಿಸಿದ್ದನ್ನು ಯಾರೂ ಮುಚ್ಚಿಡಲಿಲ್ಲ.

2013ಕ್ಕೆ ಮತ್ತೆ ಬಂದರೆ, ಎರಡು ಅಣಕು ಕದನಗಳ ನಡುವೆ, ಜುಲೈ 3ರಂದು, ಉದ್ಯಾನ ಇಲಾಖೆ ಪಿಕೆಟ್ ದಾಳಿಯ ಬಯಲನ್ನು ಸಾರ್ವಜನಿಕರಿಗೆ ನಡೆಯಲು ಬಿಟ್ಟುಕೊಟ್ಟಿತು. ಚಡ್ಡಿ, ಟೀ ಶರ್ಟು, ಟೋಪಿ ತೊಟ್ಟ ಸಾವಿರಾರು ಜನ, ಮಕ್ಕಳು ಮರಿ ಸಮೇತ, ಅದೇ ತಾರೀಕು, ಅದೇ ನೆಲ, ಅದೇ ಏರು. ಒಂದು ಗುಂಡಿಯೂ ಸರಿಯಿರಲಿಲ್ಲ. ಆದರೂ ಬೇಲಿ ದಾಟಲು ಎಷ್ಟು ಹೊತ್ತು ಬೇಕು, ಹಾಗೆ ದಾಟುವಾಗ ಮನುಷ್ಯ ಎಷ್ಟು ಬಯಲಿಗೆ ಬೀಳುತ್ತಾನೆ ಎಂಬುದು ಕಾಲಿಗೆ ತಿಳಿಯುವ ಸಂಗತಿ. ಎರಡೂ ಹೊಲಗಳ ತೋಪಿನ ಸದ್ದಿಗಿಂತ ಈ ನಡಿಗೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹಾಗಂತ ಅಣಕು ಕದನ ಬೇಡವೆನ್ನುವವನಲ್ಲ. ನನ್ನ ಕೈಗೆ ಒಂದು ಕೂಟ ಕೊಟ್ಟರೆ ಬಾಗಿಲಲ್ಲಿ ಕೋಟಿನ ಹೊಲಿಗೆ ನೋಡುವುದಿಲ್ಲ, ಚೀಟಿ ಹಂಚುತ್ತೇನೆ. ನಾರ್ತ್ ಕ್ಯಾರೊಲೈನಾದ 26ನೇ ದಳ ಗೆಟಿಸ್‌ಬರ್ಗ್‌ಗೆ ಬಂದಾಗ ಸುಮಾರು 800 ಜನ. ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಮೂರು ದಿನದಲ್ಲಿ ಕಳೆದುಕೊಂಡದ್ದು 680ಕ್ಕೂ ಹೆಚ್ಚು. ಆ ದಳದ ವೇಷ ತೊಟ್ಟವರಲ್ಲಿ ಹತ್ತಕ್ಕೆ ಎಂಟು ಚೀಟಿಯಲ್ಲಿ ಬೀಳುವ ಹೊತ್ತು, ಬೀಳುವ ಜಾಗ ಬರೆದಿರುತ್ತದೆ. ಮೊದಲ ಸುತ್ತಿಗೇ ಚೀಟಿ ಬಂದವನು ಆಟ ಮುಗಿಯುವವರೆಗೆ ಉಣ್ಣೆ ಕೋಟಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಬಿದ್ದಿರಬೇಕು, ತೋಟಾ ಚೀಲದ ತುಂಬ ಮದ್ದಿದ್ದರೂ. ಇಷ್ಟು ಖರ್ಚು ಮಾಡಿ ಹೀಗೆ ಬೀಳಲು ಯಾರು ಬರುತ್ತಾರೆ ಎಂದು ಸಂಘಟಕರು ಕೇಳಿಯೇ ಕೇಳುತ್ತಾರೆ. ಕಾಜಾ ಎಣಿಸುವ ಮಂದಿ ಬರುತ್ತಾರೆ, ಅವರಲ್ಲಿ ಕೆಲವರಂತೂ ಮುಳ್ಳುಪೊದೆಯ ಚೀಟಿಯನ್ನೇ ಕೇಳಿ ಪಡೆದಾರು.