ಮೋಹನ್ ಭಾರ್ಗವನಿಗೆ ಎಜುಕೇಶನ್ ಲೋನ್ ಇತ್ತಾ?

ವಿದೇಶಕ್ಕೆ ಓದೋಕೆ ಹೋದವರ ಬಗ್ಗೆ ನಾವೆಲ್ಲ ನೋಡಿ ಬೆಳೆದ ಸಿನಿಮಾಗಳು ಕೇಳೋದು ಒಂದೇ ಪ್ರಶ್ನೆ: ವಾಪಸ್ ಬರ್ತೀಯಾ, ಇಲ್ವಾ? ಬಂದವನು ಹೀರೋ. ಬರದವನು ದುಡ್ಡಿಗೆ ಮರುಳಾದವನು. ಉತ್ತರ ಎದೆಯೊಳಗೇ ಇದೆ, ಹುಡುಕಿಕೊಂಡರೆ ಸಾಕು ಅಂತ ಈ ಸಿನಿಮಾಗಳು ನಂಬಿಸುತ್ತವೆ. ನನ್ನ ತಕರಾರು ಇರೋದು ಇಲ್ಲೇ. ಆ ಉತ್ತರದ ಬಹುಪಾಲು ಇರೋದು ಒಂದು ಫೈಲಿನಲ್ಲಿ. ಆ ಫೈಲನ್ನು ಇವು ತೆರೆಯೋದೇ ಇಲ್ಲ.

ಮೊದಲು 'ಅಮೆರಿಕಾ ಅಮೆರಿಕಾ' ತಗೊಳ್ಳಿ. ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ಸಿನಿಮಾ. ಸೂರ್ಯ, ಶಶಾಂಕ, ಭೂಮಿಕಾ ಮೂವರು ಗೆಳೆಯರು. ರಮೇಶ್ ಅರವಿಂದ್ ಮಾಡಿದ ಸೂರ್ಯ ಊರಲ್ಲೇ ಉಳೀತಾನೆ. ಅಕ್ಷಯ್ ಆನಂದ್ ಮಾಡಿದ ಶಶಾಂಕ ಅಮೆರಿಕದಲ್ಲಿ ದುಡ್ಡು ಮಾಡಿ, ಭೂಮಿಕಾಳನ್ನು ಮದುವೆಯಾಗಿ ಕರ್ಕೊಂಡು ಹೋಗ್ತಾನೆ. ಅಲ್ಲಿಂದಾಚೆಗೆ ತಕ್ಕಡಿ ಸಿದ್ಧ: ಈ ಕಡೆ ಪ್ರೀತಿ, ಆ ಕಡೆ ಡಾಲರ್. ಕೊನೆಗೆ ಶಶಾಂಕನನ್ನು ಸಾಯಿಸಿ ಕತೆ ತನ್ನ ತೀರ್ಪು ಕೊಟ್ಟುಬಿಡುತ್ತೆ. ಅಡಿಗರ ಕವಿತೆ ಆ ಸಿನಿಮಾದಲ್ಲಿ ಬರುವಾಗ ಇವತ್ತಿಗೂ ನನ್ನ ಮೈ ಜುಂ ಅನ್ನುತ್ತೆ, ಅದನ್ನ ಯಾಕೆ ಮುಚ್ಚಿಡಲಿ? ಆದರೆ ಒಂದು ವಿಷಯ ಗಮನಿಸಿ. ಈ ಸಿನಿಮಾಕ್ಕೆ ಸಂಗೀತ ಕೊಟ್ಟ ಮನೋಮೂರ್ತಿ ಆಗಲೇ ಅಮೆರಿಕದಲ್ಲಿ ನೆಲೆಸಿದ್ದ ಸಾಫ್ಟ್‌ವೇರ್ ಕ್ಷೇತ್ರದವರು. ಅಲ್ಲಿದ್ದೂ ಇಲ್ಲಿನವರಾಗಿ ಇರಬಹುದು ಅನ್ನೋದಕ್ಕೆ ಸಾಕ್ಷಿ ಚಿತ್ರತಂಡದಲ್ಲೇ ಇತ್ತು. ಕತೆ ಅದನ್ನ ಒಪ್ಪಲಿಲ್ಲ.

ಇನ್ನು 2004ರ 'ಸ್ವದೇಸ್'. ಆಶುತೋಷ್ ಗೋವಾರಿಕರ್ ನಿರ್ದೇಶನ, ಶಾರುಖ್ ಖಾನ್ ಹೀರೋ. ಇದು ಎಷ್ಟೋ ಪ್ರಾಮಾಣಿಕ ಸಿನಿಮಾ. ರೈಲ್ವೆ ಸ್ಟೇಷನ್ನಿನಲ್ಲಿ ಚಿಕ್ಕ ಹುಡುಗನೊಬ್ಬ ನೀರು ಮಾರುವ ದೃಶ್ಯಕ್ಕೆ ಸಮನಾದದ್ದು ನಮ್ಮ ಸಿನಿಮಾಗಳಲ್ಲಿ ಕಮ್ಮಿ. ಹಳ್ಳಿಯ ಜಾತಿ, ಬಡತನ ಯಾವುದನ್ನೂ ಅದು ಅಡಗಿಸೋದಿಲ್ಲ. ಆದರೆ ಮೋಹನ್ ಭಾರ್ಗವ ಯಾರು ನೋಡಿ. ನಾಸಾದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಅಪ್ಪ ಅಮ್ಮ ಇಲ್ಲ. ಸಾಲದ ಮಾತೇ ಇಲ್ಲ. ಎರಡು ಬಾಗಿಲೂ ತೆರೆದೇ ಇರೋ ಮನುಷ್ಯ ಒಂದನ್ನ ಆರಿಸಿಕೊಂಡರೆ ಅದು ದೊಡ್ಡ ಮನಸ್ಸು, ಒಪ್ಪೋಣ. ಆದರೆ ಅದು ವಿದ್ಯಾರ್ಥಿಯ ಕತೆ ಅಲ್ಲ. ವಿದ್ಯಾರ್ಥಿಯ ಕತೆ ಮುಗಿದು ಎಷ್ಟೋ ವರ್ಷ ಆದ ಮೇಲೆ ಈ ಸಿನಿಮಾ ಶುರುವಾಗುತ್ತೆ.

ಮೂರನೆಯದು 2023ರ 'ಡಂಕಿ'. ರಾಜಕುಮಾರ್ ಹಿರಾನಿ ಪಂಜಾಬಿನ ಹುಡುಗರನ್ನ ಇಂಗ್ಲಿಷ್ ಕೋಚಿಂಗ್ ಕ್ಲಾಸಿನಲ್ಲಿ ಕೂರಿಸಿದಾಗ ನಾನು ಸೀಟಿನ ತುದಿಗೆ ಬಂದೆ. ಕೊನೆಗೂ ಪರೀಕ್ಷೆ, ವೀಸಾ, ಕಾಗದ ಪತ್ರ ತೆರೆ ಮೇಲೆ ಬಂತಲ್ಲ ಅಂತ. ಆದರೆ ಲಂಡನ್ನಿನ ಕೋರ್ಟಿಗೆ ಬರೋ ಹೊತ್ತಿಗೆ ಸಿನಿಮಾ ಹಳೇ ದಾರಿಗೇ ತಿರುಗುತ್ತೆ. ಆಶ್ರಯ ಬೇಕು ಅಂದ್ರೆ ನನ್ನ ದೇಶದಲ್ಲಿ ನನಗೆ ಜೀವಭಯ ಅನ್ನಬೇಕು. ಹೀರೋ ಅನ್ನೋದಿಲ್ಲ, ವಾಪಸ್ ಬರ್ತಾನೆ. ಅದುವರೆಗೆ ವೀಸಾದ ಪ್ರಶ್ನೆಯಾಗಿದ್ದದ್ದು ಅಲ್ಲಿಗೆ ದೇಶಭಕ್ತಿಯ ಪ್ರಶ್ನೆಯಾಯ್ತು.

ಸರಿ, ಆ ಫೈಲಿನಲ್ಲಿ ಏನಿರುತ್ತೆ? ನನಗೆ ಚೆನ್ನಾಗಿ ಗೊತ್ತಿರೋ ಒಂದು ಫೈಲಿನ ಕತೆ ಹೇಳ್ತೀನಿ. ಪಕ್ಕದ ಹಳ್ಳಿಯ ಗೆಳೆಯ, ಬಿಇ ಮುಗಿಯೋವರೆಗೂ ನನ್ನ ಜೊತೆ ಓದಿದವನು. 2015ರಲ್ಲಿ ಎಂಎಸ್ ಮಾಡೋಕೆ ಟೆಕ್ಸಾಸ್‌ಗೆ ಹೋದ. ಅಡ್ಮಿಷನ್ ಸಿಕ್ಕಿದ್ದು ಸುಲಭಕ್ಕೆ, ಸಾಲ ಸಿಕ್ಕಿದ್ದು ಕಷ್ಟಕ್ಕೆ. ಬೇಕಿದ್ದದ್ದು 28 ಲಕ್ಷ. ಅಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಅಡಮಾನ ಕೇಳ್ತು. ಅವರಪ್ಪನಿಗೆ ನಾಲ್ಕು ಎಕರೆ ತೆಂಗಿನ ತೋಟ ಇತ್ತು, ಆದರೆ ಸಾಲ ಕಟ್ಟದವರ ಆಸ್ತಿ ಹಿಡಿಯೋ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸೋದಿಲ್ಲ. ಹಾಗಾಗಿ ತೋಟ ಬೇಡ ಅಂದ್ರು. ಹಳ್ಳಿ ಮನೆಗೆ ಇ-ಸ್ವತ್ತಿನ ಫಾರಂ 9, 11 ಆಗಿರಲಿಲ್ಲ. ಕೊನೆಗೆ ಹಾಸನದಲ್ಲಿದ್ದ ದೊಡ್ಡಪ್ಪ ತನ್ನ ಮನೆ ಪತ್ರ ಕೊಟ್ಟರು.

ಆಮೇಲೆ ವೀಸಾ. ಬೆಂಗಳೂರಿನಲ್ಲಿ ಅಮೆರಿಕದ ವೀಸಾ ಕೊಡ್ತಿರಲಿಲ್ಲ, ಚೆನ್ನೈಗೆ ಹೋದ. ಅಮೆರಿಕದ ವಲಸೆ ಕಾಯ್ದೆಯಲ್ಲಿ 214(ಬಿ) ಅಂತ ಒಂದು ಸೆಕ್ಷನ್ ಇದೆ. ವಿದ್ಯಾರ್ಥಿ ವೀಸಾ ಕೇಳೋನು ಅಲ್ಲೇ ಉಳಿಯೋಕೆ ಬಂದವನು ಅಂತಲೇ ಮೊದಲು ಲೆಕ್ಕ. ಅಲ್ಲ, ಓದು ಮುಗಿಸಿ ವಾಪಸ್ ಬರ್ತೀನಿ ಅಂತ ಕೌಂಟರಿನ ಮುಂದೆ ನಿಂತು ಅವನೇ ನಂಬಿಸಬೇಕು. ಇವನೂ ನಂಬಿಸಿದ. ಆದರೆ ಅದೇ ಫೈಲಿನಲ್ಲಿ ಸಾಲದ ಪತ್ರ ಇತ್ತಲ್ಲ? ಓದು ಮುಗಿದ ಮೇಲೆ ತಿಂಗಳ ಕಂತು ಸುಮಾರು 45 ಸಾವಿರ. ಆಗ ನಮ್ಮಂಥ ಹೊಸಬರಿಗೆ ಬೆಂಗಳೂರಿನಲ್ಲಿ ಸಿಗ್ತಿದ್ದ ಸಂಬಳ ತಿಂಗಳಿಗೆ 30 ಸಾವಿರವೂ ಇಲ್ಲ. ವೀಸಾ ವಾಪಸ್ ಹೋಗು ಅನ್ನುತ್ತೆ, ಸಾಲ ಹೋಗಬೇಡ ಅನ್ನುತ್ತೆ. ಎರಡಕ್ಕೂ ಸಹಿ ಹಾಕಿದವನಿಗೆ ಆಗ 24 ವರ್ಷ. ಇದಕ್ಕಿಂತ ದೊಡ್ಡ ನಾಟಕ ಯಾವ ಸಿನಿಮಾಕ್ಕೆ ಬೇಕು ಹೇಳಿ?

2017ರಲ್ಲಿ ಓದು ಮುಗೀತು. ಓಪಿಟಿ ಅಂತ ಒಂದು ವರ್ಷ ಕೆಲಸ ಮಾಡೋ ಅನುಮತಿ, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಇನ್ನೂ ಎರಡು ವರ್ಷ. ಅಷ್ಟರೊಳಗೆ ಎಚ್-1ಬಿ ಸಿಗಬೇಕು. ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20 ಸಾವಿರ. ಅರ್ಜಿ ಜಾಸ್ತಿ ಬಂದದ್ದಕ್ಕೆ ಲಾಟರಿ. 2018ರಲ್ಲಿ ಇವನ ಹೆಸರು ಬರಲಿಲ್ಲ, 2019ರಲ್ಲಿ ಬಂತು. 2020ರಲ್ಲಿ ಕಂಪನಿ ಗ್ರೀನ್ ಕಾರ್ಡಿನ ಅರ್ಜಿ ಶುರು ಮಾಡಿತು. 1990ರ ಕಾಯ್ದೆ ಪ್ರಕಾರ ಉದ್ಯೋಗದ ಆಧಾರದ ಗ್ರೀನ್ ಕಾರ್ಡು ವರ್ಷಕ್ಕೆ ಹೆಚ್ಚುಕಮ್ಮಿ 1,40,000, ಅದರಲ್ಲಿ ಸಾಮಾನ್ಯವಾಗಿ ಒಂದು ದೇಶಕ್ಕೆ 7 ಪರ್ಸೆಂಟಿಗಿಂತ ಜಾಸ್ತಿ ಇಲ್ಲ. ದೇಶ ಭಾರತವಾದರೂ ಅಷ್ಟೇ, ಐಸ್‌ಲ್ಯಾಂಡ್ ಆದರೂ ಅಷ್ಟೇ. ಹಾಗಾಗಿ ನಮ್ಮವರ ಸಾಲು ಹತ್ತು ವರ್ಷಕ್ಕೂ ಹಿಂದೆ ನಿಂತಿದೆ. ಆ ಮಧ್ಯೆ ಕೆಲಸ ಹೋದರೆ ಬೇರೆ ಹುಡುಕೋಕೆ 60 ದಿನ. "ಏನಪ್ಪಾ ಅದು, ನಮ್ ರೇಷನ್ ಕಾರ್ಡಿಗಿಂತ ಕಷ್ಟವಾ?" ಅಂತ ಅವರಪ್ಪ ಒಂದ್ಸಲ ನನ್ನ ಕೇಳಿದ್ದರು.

2021ರ ಮೇ ತಿಂಗಳಲ್ಲಿ ಅವರು ಕೋವಿಡ್‌ನಿಂದ ತೀರಿಕೊಂಡರು. ಮಗ ಬರಲಿಲ್ಲ. ತಿಥಿ ದಿನ ಪಂಕ್ತಿಯಲ್ಲಿ ಕೂತವರೊಬ್ಬರು, "ಅಪ್ಪ ಸತ್ರೂ ಬರ್ನಿಲ್ಲ, ಅಲ್ಲಿ ಡಾಲರ್ ಎಣಿಸ್ಕೊಂಡು ಕೂತವ್ನೆ" ಅಂದ್ರು. ಮೇ 4ರಿಂದ ಅಮೆರಿಕ ಭಾರತದಿಂದ ಬರುವವರನ್ನ ತಡೆದಿತ್ತು, ಅಲ್ಲಿನ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇದ್ದವರನ್ನ ಬಿಟ್ಟು. ಇವನ ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಮುದ್ರೆಯೂ ಬಿದ್ದಿರಲಿಲ್ಲ, ಅದಕ್ಕೆ ಚೆನ್ನೈ ಕೌಂಟರಿಗೇ ಹೋಗಬೇಕು, ಆ ಕೌಂಟರು ಮುಚ್ಚಿತ್ತು. ಬಂದರೆ ಮತ್ತೆ ಹೋಗೋದು ಯಾವಾಗ ಅಂತ ಗೊತ್ತಿಲ್ಲ. ಹೋಗದಿದ್ದರೆ ಕೆಲಸ ಇಲ್ಲ, ಕಂತು ಇಲ್ಲ, ದೊಡ್ಡಪ್ಪನ ಮನೆ ಬ್ಯಾಂಕಿಗೆ. ಪಂಕ್ತಿಯಲ್ಲಿ ಇದನ್ನೆಲ್ಲ ನಾನು ಹೇಳೋಕೆ ಹೋದೆ, ಕೇಳಿಸಿಕೊಳ್ಳೋರು ಇರಲಿಲ್ಲ. ಅವರ ತಲೆಯಲ್ಲಿ ಶಶಾಂಕನ ಕತೆ ಆಗಲೇ ಕೂತಿತ್ತು.

ಸಿನಿಮಾವನ್ನ ಸಿನಿಮಾ ಅಂತ ನೋಡಬೇಕು, ಇಷ್ಟೊಂದು ಕಾನೂನು ತುಂಬಿಸೋಕೆ ಆಗುತ್ತಾ ಅಂತ ನೀವು ಕೇಳಬಹುದು. ನ್ಯಾಯವೇ. ಆದರೆ ಸಾಕ್ಷ್ಯಚಿತ್ರ ಬೇಕು ಅಂತ ನಾನು ಕೇಳ್ತಿಲ್ಲ. ನಮ್ಮ ಕೆಲಸದಲ್ಲಿ ಪ್ರೋಗ್ರಾಂ ನಿಂತುಹೋದರೆ ಬಳಸೋನ ಮನಸ್ಸು ಸರಿಯಿಲ್ಲ ಅನ್ನಲ್ಲ, ಲಾಗ್ ತೆಗೆದು ನೋಡ್ತೀವಿ. ಕತೆಗಾರನಿಗೂ ಆ ಕುತೂಹಲ ಬೇಕು. ಆಸೆಯಿಂದ ಉಳಿದವರು ಇಲ್ವಾ? ಖಂಡಿತ ಇದ್ದಾರೆ. ನನ್ನ ಗೆಳೆಯನಿಗೂ ಅಲ್ಲಿನ ಜೀವನ ಇಷ್ಟವೇ, ಅವನು ಸುಳ್ಳು ಹೇಳಲ್ಲ. ಆದರೆ ಆಸೆ ಎಷ್ಟು, ಕಟ್ಟು ಎಷ್ಟು ಅಂತ ಬಿಡಿಸಿ ತೋರಿಸೋದೇ ಕಲೆಯ ಕೆಲಸ ಅಲ್ವಾ? ಈ ಮೂರು ಸಿನಿಮಾಗಳು ಕಟ್ಟನ್ನ ಮರೆಸಿ ಆಸೆಗೆ ಮಾತ್ರ ಶಿಕ್ಷೆ ಕೊಡ್ತವೆ, ಇಲ್ಲಾಂದ್ರೆ ತ್ಯಾಗಕ್ಕೆ ಹಾರ ಹಾಕ್ತವೆ.

ಮುಂದೆ ಯಾರಾದ್ರೂ ಇಂಥ ಸಿನಿಮಾ ಮಾಡೋದಾದ್ರೆ ಒಂದು ಕೋರಿಕೆ. ದಯವಿಟ್ಟು ಏರ್‌ಪೋರ್ಟಿನಿಂದ ಶುರು ಮಾಡಬೇಡಿ. ಬ್ಯಾಂಕಿನ ಬೆಂಚಿನಿಂದ ಶುರು ಮಾಡಿ. ಪತ್ರಕ್ಕೆ ಸಹಿ ಹಾಕೋ ಮುಂಚೆ ದೊಡ್ಡಪ್ಪ ಒಂದ್ಸಲ ತಮ್ಮನ ಮಗನ ಮುಖ ನೋಡ್ತಾನಲ್ಲ, ಅಲ್ಲಿಂದ.