ನಕ್ಷೆಯಲ್ಲಿ ಕಾಣದ ತಾಲೀಮು

1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದ್ದು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಸರ್ಕಾರ ಕಟ್ಟಿದ ಸಭಾಂಗಣ ಮುಂದೆಯೇ ಇತ್ತು. ಆದರೂ ಆಧುನಿಕ ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಪ್ರಯೋಗಗಳಿಗೆ ಒದಗಿದ್ದು ಹಿತ್ತಲಿನ ಆ ತೆರೆದ ಜಾಗ. ಇವತ್ತು ಅದು ಸಂಸ ಬಯಲು ರಂಗಮಂದಿರ. ಬೆಂಗಳೂರಿನ ಮಾಸ್ಟರ್ ಪ್ಲ್ಯಾನ್‌ಗಳಲ್ಲಿ ಕಲೆಗೆ ಯಾವ ಸ್ಥಾನವಿದೆ ಎಂದು ನೋಡಲು ಹೊರಟವರು ಈ ಬಯಲನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ನಗರ ಇಂದಿಗೂ ನಡೆಯುತ್ತಿರುವುದು 2007ರಲ್ಲಿ ಅನುಮೋದನೆ ಪಡೆದ, 2015ರವರೆಗೆಂದು ಬರೆದ ಯೋಜನೆಯ ಮೇಲೆ. 2031ರ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ವಾಪಸಾಯಿತು. 2031ರ ಹೊತ್ತಿಗೆ ಜನಸಂಖ್ಯೆ 2 ಕೋಟಿ ದಾಟುತ್ತದೆ ಎಂಬುದು ಆ ಕರಡಿನ ಅಂದಾಜು. ಅಷ್ಟು ಜನರಿಗೆ ನೀರೆಷ್ಟು, ರಸ್ತೆ ಎಷ್ಟು ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಅವರು ಸಂಜೆ ಎಲ್ಲಿ ನಾಟಕ ನೋಡಬೇಕು, ಅವರ ಮಕ್ಕಳು ಎಲ್ಲಿ ಮೃದಂಗ ಕಲಿಯಬೇಕು ಎಂದು ಕೇಳಿದವರು ಕಡಿಮೆ. ಕೇಳುವುದಕ್ಕೆ ಆಧಾರ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ನಗರ ಯೋಜನಾ ಮಾರ್ಗಸೂಚಿಯೇ ಪ್ರತಿ 1 ಲಕ್ಷ ಜನರಿಗೆ ಒಂದು ಸಂಗೀತ, ನೃತ್ಯ, ನಾಟಕ ಕೇಂದ್ರ ಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ಬೆಂಗಳೂರಿಗೆ 200 ಕೇಂದ್ರಗಳಾದರೂ ಬೇಕು. ಕಲಾಕ್ಷೇತ್ರ, ಚೌಡಯ್ಯ ಸ್ಮಾರಕ ಭವನ, ಗಾಯನ ಸಮಾಜ, ಹನುಮಂತನಗರದ ಕೆ.ಎಚ್. ಕಲಾಸೌಧ ಎಂದು ಎಣಿಸುತ್ತ ಹೋದರೆ ಬೆರಳುಗಳು ಮುಗಿಯುವ ಮೊದಲೇ ಹೆಸರುಗಳು ಮುಗಿಯುತ್ತವೆ. ಅವೂ ಬಹುಮಟ್ಟಿಗೆ ಹಳೆಯ ಬಡಾವಣೆಗಳಲ್ಲೇ ಇವೆ. ವೈಟ್‌ಫೀಲ್ಡ್ ಕಡೆಗೆ ‘ಜಾಗೃತಿ’ ರಂಗಮಂದಿರ ಬಂದದ್ದು ರಂಗಕರ್ಮಿ ದಂಪತಿಯ ಸ್ವಂತ ಶ್ರಮದಿಂದ.

ಯೋಜನೆ ಕೈಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ರಂಗಶಂಕರವೇ ಸಾಕ್ಷಿ. ಬಡಾವಣೆ ಮಾಡುವಾಗ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕೆಂದು ಬಿಡಿಎ ಕಾಯ್ದೆ ಹೇಳುತ್ತದೆ. ಸಾಂಸ್ಕೃತಿಕ ಚಟುವಟಿಕೆಯ ಕೇಂದ್ರವೂ ನಾಗರಿಕ ಸೌಲಭ್ಯವೇ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಜೆ.ಪಿ. ನಗರದಲ್ಲಿ ಸರ್ಕಾರ ಕೊಟ್ಟ ನಿವೇಶನದಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ದೇಣಿಗೆ ಕೂಡಿಸಿ ಕಟ್ಟಿದ ಈ ರಂಗಮಂದಿರ 2004ರಲ್ಲಿ ಬಾಗಿಲು ತೆರೆಯಿತು. ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ನಾಟಕ, ಸಣ್ಣ ತಂಡಕ್ಕೂ ಕೈಗೆಟಕುವ ಬಾಡಿಗೆ, ಹೊತ್ತಿಗೆ ಸರಿಯಾಗಿ ಮುಚ್ಚುವ ಬಾಗಿಲು. ನಾಟಕಕ್ಕೆ ಮೊದಲು ಕೆಳಗಿನ ಕೆಫೆಯಲ್ಲಿ ಅಕ್ಕಿರೊಟ್ಟಿ, ಸಾಬೂದಾನ ವಡೆ ಹಿಡಿದು ನಿಂತ ಕಾಲೇಜು ಹುಡುಗರನ್ನು ನೋಡಿದರೆ ಸಾಕು, ಒಂದು ನಿವೇಶನ ಎಷ್ಟು ಪ್ರೇಕ್ಷಕರನ್ನು ಬೆಳೆಸಿದೆ ಎಂದು ತಿಳಿಯುತ್ತದೆ. ಆದರೆ ಇದು ಛಲ ಹಿಡಿದ ಕೆಲವರ ಸಾಧನೆ. ನಗರ ತಾನಾಗಿಯೇ ಹೀಗೆ ಎರಡನೆಯದನ್ನು, ಮೂರನೆಯದನ್ನು ಮಾಡಲಿಲ್ಲ. ಅದೇ ನನ್ನ ತಕರಾರು.

ಪರಂಪರೆಯ ಮಾತು ಯೋಜನೆಗಳಲ್ಲಿ ಇದ್ದೇ ಇದೆ. 2031ರ ಕರಡು ಪೇಟೆ, ಬಸವನಗುಡಿ, ಮಲ್ಲೇಶ್ವರಗಳನ್ನು ಪಾರಂಪರಿಕ ವಲಯಗಳೆಂದು ಗುರುತಿಸಿತ್ತು. ಅದು ಸ್ವಾಗತಾರ್ಹ. ಆದರೆ ಅಲ್ಲಿ ಪರಂಪರೆ ಎಂದರೆ ಬಹುಪಾಲು ಕಟ್ಟಡ: ಅದರ ಎತ್ತರ, ಮುಂಭಾಗ, ಕಂಬ, ಕಮಾನು. ಬೆಂಗಳೂರು ಕರಗವನ್ನು ಈ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಪೇಟೆಯ ಬೀದಿಗಳಲ್ಲಿ ಹಾದು, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಬೆಳಗಿನ ಜಾವಕ್ಕೆ ಮರಳುತ್ತದೆ. ಅದನ್ನು ಹೊತ್ತು ತಂದವರು ತೋಟಗಾರಿಕೆಯ ತಿಗಳರು. ಅವರ ಆಚರಣೆ ಕೆರೆಗಳಿಗೆ ಅಂಟಿಕೊಂಡದ್ದು. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ, ಪಕ್ಕದಲ್ಲೊಂದು ಸಣ್ಣ ಹೊಂಡ ಉಳಿದಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಆ ಕೆರೆಗಳನ್ನು ಮುಚ್ಚುವಾಗ ಯಾರೂ ಅವನ್ನು ಕಲೆಯ ನೆಲೆಯೆಂದು ಎಣಿಸಲಿಲ್ಲ. ಭೂಬಳಕೆಯ ನಕ್ಷೆಯಲ್ಲಿ ಮನೆಗೊಂದು ಬಣ್ಣ, ಉದ್ಯಾನಕ್ಕೊಂದು ಬಣ್ಣ ಇರುತ್ತದೆ. ವರ್ಷಕ್ಕೊಮ್ಮೆ ನಡೆದಾಡುವ ಇಂಥ ದಾರಿಗೆ ಒಂದು ಗೆರೆಯೂ ಇರುವುದಿಲ್ಲ. ಹಾಕಬಾರದೇಕೆ? ಕಡಲೆಕಾಯಿ ಪರಿಷೆಯ ಬುಲ್ ಟೆಂಪಲ್ ರಸ್ತೆಗೂ, ಚಿತ್ರಸಂತೆಯ ಕುಮಾರಕೃಪಾ ರಸ್ತೆಗೂ ಇದೇ ಮಾತು. ಅಲ್ಲಿ ಮೇಲ್ಸೇತುವೆ ಅಥವಾ ಸುರಂಗದ ಯೋಚನೆ ಬಂದ ದಿನ ಈ ಗೆರೆ ಕಡತದಲ್ಲಿ ಮಾತಾಡುತ್ತದೆ.

ಹೊರಗಿನದೊಂದು ನಿಯಮ ನಮಗೂ ಒಪ್ಪುವಂತಿದೆ. 2021ರ ಲಂಡನ್ ಯೋಜನೆಯ ಪ್ರಕಾರ, ಈಗಾಗಲೇ ಸಂಗೀತ ನಡೆಯುವ ಜಾಗದ ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟುವವನೇ ಶಬ್ದ ತಡೆಯುವ ಏರ್ಪಾಟು ಮಾಡಬೇಕು. 1939ರಿಂದ ರಾಮೋತ್ಸವದ ಕಛೇರಿಗಳನ್ನು ನಡೆಸಿಕೊಂಡು ಬಂದ ಚಾಮರಾಜಪೇಟೆಯಂಥ ಊರಭಾಗಕ್ಕೆ ಇಂಥ ರಕ್ಷಣೆ ನ್ಯಾಯವಾಗಿ ಸಲ್ಲಬೇಕು.

ಎಲ್ಲಕ್ಕಿಂತ ತುರ್ತಾದದ್ದು ತಾಲೀಮಿನ ಜಾಗ. ಪ್ರದರ್ಶನ ಒಂದು ಸಂಜೆಯದು, ತಾಲೀಮು ತಿಂಗಳುಗಟ್ಟಲೆ. ಹವ್ಯಾಸಿ ತಂಡದವರು ಕೆಲಸ ಮುಗಿಸಿ ಏಳಕ್ಕೆ ಸೇರುತ್ತಾರೆ. ಶಾಲೆಯ ಕೋಣೆಯಲ್ಲಿ ಬೆಂಚು ಸರಿಸಿ ಮೊದಲ ಅಂಕ ಹಿಡಿಯುವಷ್ಟರಲ್ಲಿ ಬೀಗದ ಕೈ ಹಿಡಿದು ಕಾವಲುಗಾರ ಬಂದು ನಿಲ್ಲುತ್ತಾನೆ. ಕೊನೆಯ ಬಸ್ ತಪ್ಪಿದರೆ ಆಟೊ ದುಡ್ಡು ಕೊಡಲಾಗದ ಹುಡುಗಿ ಮರುವಾರ ಬರುವುದಿಲ್ಲ. ಕೋಟಿಗಳ ಕಲಾಭವನಕ್ಕೆ ಶಂಕುಸ್ಥಾಪನೆ ಮಾಡುವ ಉತ್ಸಾಹ ಈ ಕೋಣೆಯ ಕಡೆ ತಿರುಗುವುದೇ ಇಲ್ಲ.

2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರಡಿ ಐದು ಪಾಲಿಕೆಗಳಿವೆ. ಮುಂದಿನ ಮಾಸ್ಟರ್ ಪ್ಲ್ಯಾನ್ ಬರೆಯುವಾಗ ಪ್ರತಿ ಪಾಲಿಕೆಯ ನಾಗರಿಕ ಸೌಲಭ್ಯದ (ಸಿಎ) ಸೈಟುಗಳಲ್ಲಿ ಒಂದು ಪಾಲನ್ನು ತಾಲೀಮು ಮತ್ತು ಸಣ್ಣ ಪ್ರದರ್ಶನಕ್ಕೆಂದೇ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ, ಕಾಯ್ದಿರಿಸಲಿ. ಗುತ್ತಿಗೆ ಪತ್ರದಲ್ಲೇ ಬಾಡಿಗೆಯ ಮಿತಿ ಬರೆಯಲಿ. ವರ್ಷದಲ್ಲಿ ಎಷ್ಟು ಸಂಜೆ ಅಲ್ಲಿ ಕಲೆ ನಡೆಯಿತು, ಎಷ್ಟು ಸಂಜೆ ಮದುವೆ ಆರತಕ್ಷತೆ ನಡೆಯಿತು ಎಂಬ ಲೆಕ್ಕ ನೋಡಿ ಆಮೇಲೆ ಗುತ್ತಿಗೆ ನವೀಕರಿಸಲಿ.